ಎರಡು ಬೈ ಏಳು

ದುರ್ಗದಬೈಲ್, ಹುಬ್ಬಳ್ಳಿ
ಹದಿನಾರು ನವೆಂಬರ್ ಎರಡು ಸಾವಿರದ ಇಪ್ಪತ್ತೈದು, ಭಾನುವಾರ

ಪ್ರೀತಿಯ ದಾಕ್ಷಿಗೆ,

ತಾರೀಖನ್ನು ಅಕ್ಷರದಲ್ಲಿ ಬರೆದಿದ್ದೇನೆಂದು ನಗಬೇಡ. ಅಂಕಿಯಲ್ಲಿ ಬರೆದ ತಾರೀಖಿನ ಮೇಲೆ ನನಗೆ ನಂಬಿಕೆ ಹೋಗಿದೆ. ಯಾಕೆ ಹೋಯಿತು ಎಂದು ಹೇಳುವುದಕ್ಕೇ ಈ ಕಾಗದ.

ದುರ್ಗದಬೈಲಿನಿಂದ ಗಬ್ಬೂರಿಗೆ ಆಟೋದಲ್ಲಿ ಅರ್ಧ ತಾಸಿನ ದಾರಿ, ಅಂಚೆಯಲ್ಲಿ ನಾಲ್ಕು ದಿನ. ಧೈರ್ಯ ಇದ್ದವರು ಆಟೋ ಹತ್ತುತ್ತಾರೆ, ಇಲ್ಲದವರು ಸ್ಟ್ಯಾಂಪು ಹಚ್ಚುತ್ತಾರೆ. ಅಂಚೆ ಕಚೇರಿಯಲ್ಲಿ ನಿನ್ನ ವಿಳಾಸ ನೋಡಿ ಆ ಗುಮಾಸ್ತ ಕೇಳಿಯೇ ಕೇಳುತ್ತಾನೆ, 'ಇಲ್ಲೇ ಗಬ್ಬೂರಿಗೆ ಏನ್ರಿ?' ಅಂತ. ಹೌದಪ್ಪಾ, ಇಲ್ಲೇ ಗಬ್ಬೂರಿಗೆ. ಇಪ್ಪತ್ತೊಂಬತ್ತು ವರ್ಷ ದೂರ.

ಮೇ ತಿಂಗಳಲ್ಲಿ ನಿನ್ನ ಮಗ ಬಸವಕಿರಣನ ಮದುವೆಗೆ ನಾನು ಬರಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ಜ್ವರ ಬಂದಿರಲಿಲ್ಲ. ಆಮೇಲೆ ನೀನು ಎರಡು ಸಲ ಮನೆ ಬಾಗಿಲಿಗೆ ಬಂದೆ, ಹೋಳಿಗೆ ಡಬ್ಬಿ ಹಿಡಿದುಕೊಂಡು. ಒಳಗೆ ಇದ್ದೇ ಇಲ್ಲವೆನ್ನಿಸಿದೆ. ನಮ್ಮವರು ಡಬ್ಬಿ ಇಸಿದುಕೊಂಡು ಬಂದು, 'ಹೋಳಿಗಿ ಛಲೋ ಆಗ್ಯಾವ, ಜಗಳ ಯಾತರದ್ದು?' ಎಂದರು. ಜಗಳವಿಲ್ಲ ದಾಕ್ಷಿ. ನಿನ್ನ ಅವ್ವನ ಸಾವಿನ ವಿಷಯದಲ್ಲಿ ನಿನಗೆ ಒಂದು ಮಾತು ಹೇಳಬೇಕಾಗಿದೆ. ಅದನ್ನು ಹೇಳದೆ ನಿನ್ನ ಹೋಳಿಗೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ಹೇಳಿದ ಮೇಲೆ ನೀನು ಹೋಳಿಗೆ ಕಳಿಸುತ್ತೀಯೋ ಇಲ್ಲವೋ ಗೊತ್ತಿಲ್ಲ. ಮೊದಲಿಗೇ ಒಂದು ಸಾಲು ಬರೆದುಬಿಡುತ್ತೇನೆ, ಕಾಗದ ಪೂರ್ತಿ ಓದುವ ಮನಸ್ಸಾಗದಿದ್ದರೂ ಇದೊಂದು ಓದು: ಈರವ್ವ ಸತ್ತದ್ದು ನಿನ್ನ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ.

ಇನ್ನು ತಡಮಾಡಬಾರದು ಅನ್ನಿಸಿದ್ದು ಕಳೆದ ಸೋಮವಾರ, ನಿನ್ನ ಸೊಸೆ ಫೋನು ಮಾಡಿದಾಗ. ನಂಬರು ಬಸವಕಿರಣನಿಂದ ಇಸಿದುಕೊಂಡಳಂತೆ. ಪಾಪ, ಮೆಲ್ಲಗೆ, ಅಡುಗೆಮನೆಯ ಮೂಲೆಯಿಂದ ಮಾತಾಡುತ್ತಿದ್ದಳು ಅನ್ನಿಸುತ್ತದೆ.

'ಆಂಟಿ, ನೀವು ಅತ್ತೀರ ಸಣ್ಣಂದಿನ ಗೆಳತಿ ಅಂತ. ಒಂದ್ ಮಾತು ಕೇಳಲೇನ್ರಿ?'

'ಕೇಳವಾ.'

'ಅತ್ತಿಯಾರು ದಿನಾ ಸಂಜೀಕ ನನ್ನ ಕಾಲು ನೋಡತಾರ್ರಿ. ಅಂಗಾಲು, ಬಟ್ಟು ಸಂದಿ, ಎಲ್ಲಾ. ಬಾಯಿ ಬಿಟ್ಟು ಏನೂ ಅನ್ನೂದಿಲ್ಲ. ನನ್ನ ಕಾಲ್ಗುಣ ಛಲೋ ಇಲ್ಲ ಅಂತ ಅವರ ಮನಸಿನ್ಯಾಗ ಏನರ ಐತೇನ್ರಿ?'

ನನಗೆ ನಗು ಬಂತು, ಬಂದ ನಗು ಅರ್ಧದಲ್ಲೇ ನಿಂತಿತು. 'ಇಲ್ಲವಾ, ಅವರು ಮನ್ಯಾಗಿನ ಎಲ್ಲಾರ ಕಾಲೂ ನೋಡತಾರ' ಎಂದೆ. 'ಹೌದ್ರಿ, ಅಜ್ಜಾರದೂ ನೋಡತಾರ, ಅವರಿಗೆ ಸಕ್ಕರಿ ಐತಿ. ನನಗ್ಯಾಕ್ರಿ? ನನಗ ಇಪ್ಪತ್ನಾಕು ವರ್ಷ.' ಆಮೇಲೆ ದನಿ ಇನ್ನೂ ಇಳಿಸಿ, 'ಹಾಲು ಕೆಟ್ಟೈತೋ ಇಲ್ಲೋ ನೋಡಾಕ ನನ್ನ ಕರೀತಾರ್ರಿ. ತಮ್ಮ ಮೂಗು ಸತ್ತೈತಿ ಅಂತಾರ' ಎಂದಳು.

ಆ ಹುಡುಗಿಗೆ ಏನು ಹೇಳಲಿ? ನಿನ್ನ ಅತ್ತೆಯ ಮೂಗು ತಾನಾಗಿ ಸತ್ತಿಲ್ಲ, ಅದನ್ನು ಕೊಂದವಳು ನಾನು ಎಂದು ಹೇಳಲೇ? 'ಪ್ರೀತಿಗೆ ನೋಡತಾರ, ತೋರಸು' ಎಂದು ಫೋನು ಇಟ್ಟೆ.

ಈಗ ಮೊದಲಿನಿಂದ ಹೇಳುತ್ತೇನೆ. ನಾನು ಗೋವಿಂದಪ್ಪನವರಿಗೆ ಗೈಡು ಬರೆದುಕೊಡುವುದು ನಿನಗೆ ಗೊತ್ತೇ ಇದೆ. ಬಳೆ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ ಸಿಕ್ಕಿಕೊಂಡ ಅವರ ಪ್ರಕಾಶನದ ಏಕೈಕ ಲೇಖಕಿ ನಾನು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಬಿ.ಎ. ಮಕ್ಕಳಿಗೆ ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ. ಪಾಠ ಒಂದು, ಪಾತ್ರ ಹತ್ತು, ಪಾಸಾದರೆ ಸಾಕು ಎನ್ನುವ ಮಕ್ಕಳು ನೂರಾ ಹತ್ತು. ಈ ಸಲದ ಪಠ್ಯ ಒಂದು ಕಾದಂಬರಿ. ಮೆಕ್ಸಿಕೋದಿಂದ ಅಮೆರಿಕಕ್ಕೆ ಬಂದ ಮನೆತನದ ಒಬ್ಬ ಹುಡುಗಿ ಬೆಳೆದು ದೊಡ್ಡವಳಾಗುವ ಕಥೆ. ಜನವರಿಯಲ್ಲಿ ಪುಸ್ತಕ ಕೈಗಿಟ್ಟು ಗೋವಿಂದಪ್ಪನವರು ಅಂದರು:

'ಅಕ್ಕಾರ, ಕಥಿ ನನಗ ಬ್ಯಾಡ್ರಿ. ಸ್ಥಳ ಯಾವದು, ಪಾತ್ರ ಯಾರ್ಯಾರು, ಇವೆರಡು ಬರೀರಿ. ಹತ್ತು ಮಾರ್ಕಿನ ಪ್ರಶ್ನಿ ಅಲ್ಲೇ ಕುಂತಿರತೈತಿ.'

ಬರೆಯಲು ಕೂತೆ. ಸ್ಥಳ: ಅಮೆರಿಕದ ದಕ್ಷಿಣ ಗಡಿಯಲ್ಲಿ ಒಂದು ರೈಲ್ವೆ ಊರು. ನದಿ ದಾಟಿದರೆ ಮೆಕ್ಸಿಕೋ. ಒಂದೇ ಗೋಡೆಗೆ ಅಂಟಿಕೊಂಡ ಮನೆಗಳ ಸಾಲು, ಮಾಳಿಗೆಯ ಮೇಲೆ ಒಣಗುವ ಮೆಣಸಿನಕಾಯಿ, ವರ್ಕ್‌ಶಾಪಿನ ಭೋಂಗಾ ಕೂಗಿದರೆ ಒಲೆ ಹೊತ್ತಿಸುವ ಹೆಂಗಸರು. ನಾಲ್ಕು ಪುಟ ಓದಿ ನಾನು ರಟ್ಟನ್ನು ತಿರುಗಿಸಿ ನೋಡಿದೆ. ಗದಗ ರೋಡಿನ ನಮ್ಮ ಚಾಳದ ಮೇಲೆ ಯಾರೋ ಬರೆದು ಊರಿನ ಹೆಸರು ಮಾತ್ರ ಬದಲಿಸಿದ್ದಾರೋ ಏನೋ ಎಂದು. ನಮ್ಮ ಚಾಳ ನೆನಪಿದೆಯಲ್ಲ? ನೀನೂ ನಾನೂ ನೀರಿನ ಸರತಿಯಲ್ಲಿ ನಿಂತು ಕಟ್ಟಿದ್ದು:

ನಲ್ಲ್ಯಾಗ ನೀರಿಲ್ಲ, ಗಲ್ಲ್ಯಾಗ ದಾರಿಲ್ಲ,
ಹಲ್ಲಿಗೊಂದ ಮನಿ ಐತಿ, ಯಾರ ಕೇಳಾವರಿಲ್ಲ!

ಆ ಕಾದಂಬರಿಯಲ್ಲಿ ಹುಡುಗಿಯ ತಾಯಿ ರೊಟ್ಟಿ ಮಾಡಿ ಮಾರುತ್ತಾಳೆ. ಅವರ ರೊಟ್ಟಿ ಮೆಕ್ಕೆಜೋಳದ್ದು, ನಮ್ಮ ಕಡೆಯ ಗೋವಿನಜೋಳ. ಗೈಡಿನಲ್ಲಿ ಬರೆದೆ: 'ಮೆಕ್ಸಿಕೋದವರಿಗೆ ಮೆಕ್ಕೆಜೋಳ, ನಮಗೆ ಬಿಳಿಜೋಳ, ತಟ್ಟುವ ಕೈಗೆ ಎರಡೂ ಊರಲ್ಲಿ ಒಂದೇ ತಾಳ.' ಗೋವಿಂದಪ್ಪನವರು ಅದನ್ನು ಹೊಡೆದುಹಾಕಿದರು. 'ಪ್ರಾಸಕ್ಕ ಮಾರ್ಕಿಲ್ಲರಿ ಅಕ್ಕಾರ' ಎಂದರು.

ನನಗೆ ಈರವ್ವ ನೆನಪಾದಳು. ಹಲಗೆಯ ಮೇಲೆ ಆಕೆಯ ಕೈಯ ಸಪ್ಪಳ, ಬೆಳಗಿನ ಆರಕ್ಕೆ ಶುರುವಾಗಿ ಹತ್ತರತನಕ, ಖಾನಾವಳಿಗೆ ನೂರು ರೊಟ್ಟಿ. ನಾವಿಬ್ಬರೂ ಬಾಗಿಲಲ್ಲಿ ಕೂತು ಪ್ರಾಸ ಕಟ್ಟುತ್ತಿದ್ದರೆ, 'ಏ ಹುಡುಗ್ಯಾರ, ಪ್ರಾಸ ಹೊಟ್ಟಿ ತುಂಬಸೂದಿಲ್ಲ, ರೊಟ್ಟಿ ತುಂಬಸತೈತಿ!' ಎಂದು ಬೈದಿದ್ದಳು. 'ಅವ್ವಾ, ಹೊಟ್ಟಿಗೂ ರೊಟ್ಟಿಗೂ ನೀನ ಪ್ರಾಸ ಕೂಡಿಸಿದಿ ನೋಡ!' ಎಂದು ನೀನು ಚಪ್ಪಾಳೆ ತಟ್ಟಿದ್ದೆ. ಆಕೆ ಹಿಟ್ಟಿನ ಕೈಯಿಂದಲೇ ನಮ್ಮಿಬ್ಬರ ತಲೆಗೂ ಒಂದೊಂದು ಕೊಟ್ಟಳು.

ಸ್ಥಳ ಮುಗಿಯಿತು, ಪಾತ್ರಗಳು. ಇಂಗ್ಲಿಷಿನಲ್ಲಿ ಅಂಕಲ್ ಎಂದರೆ ಎಲ್ಲರೂ ಅಂಕಲ್ಲೇ. ಗೋವಿಂದಪ್ಪನವರಿಗೆ ಅದು ಸರಿಬರಲಿಲ್ಲ. 'ಕಾಕಾನೋ ಮಾವನೋ, ಒಂದ್ ಹೇಳ್ರಿ.' ತಾಯಿಯ ತಮ್ಮ ಎಂದು ಪುಸ್ತಕದಲ್ಲಿತ್ತು, ಸೋದರಮಾವ ಎಂದು ಬರೆದೆ. ಮಾದರಿ ಪರೀಕ್ಷೆಯಲ್ಲಿ ಒಬ್ಬ ಜಾಣ ಉತ್ತರ ಬರೆದಿದ್ದ: 'ನಾಯಕಿಯು ಸೋದರಮಾವನನ್ನು ಮದುವೆಯಾಗದೆ ಊರು ಬಿಟ್ಟದ್ದು ಅಮೆರಿಕದ ಸಂಸ್ಕೃತಿಯ ದುಷ್ಪರಿಣಾಮ.' ನಾನು ಎರಡು ದಿನ ನಕ್ಕೆ. ಈ ವರ್ಷ ನಾನು ನಕ್ಕ ಕಡೆಯ ಎರಡು ದಿನ ಅವು.

ನಾಯಕಿಯ ಹೆಸರು ನೀನಾ. ಕನ್ನಡದಲ್ಲಿ ಬರೆದಾಗಲೆಲ್ಲ ಯಾರೋ ಬೆರಳು ತೋರಿಸಿ 'ನೀನಾ?' ಎಂದು ಕೇಳಿದ ಹಾಗಾಗುತ್ತಿತ್ತು. ಅವಳ ತಾಯಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದು. ಆ ಊರಿನ ಕಚೇರಿ, ಆಸ್ಪತ್ರೆ, ಶಾಲೆ ಎಲ್ಲ ಇಂಗ್ಲಿಷ್. ನಡುವೆ ಈ ಹದಿಮೂರು ವರ್ಷದ ಹುಡುಗಿ, ಅತ್ತಿಂದ ಇತ್ತ ಮಾತು ಸಾಗಿಸುವವಳು. ಒಂಬತ್ತನೆಯ ಅಧ್ಯಾಯದಲ್ಲಿ ಕಣ್ಣಿನ ಡಾಕ್ಟರು ತಾಯಿಗೆ ಒಂದು ಚೀಟಿ ಕೊಡುತ್ತಾರೆ, ಮತ್ತೆ ಬರಬೇಕಾದ ತಾರೀಖು 4/6. ಆ ದೇಶದಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ, ಅಂದರೆ ಏಪ್ರಿಲ್ ಆರು. ಇವರು ಬಂದು ಇನ್ನೂ ವರ್ಷವಾಗಿಲ್ಲ, ತಮ್ಮ ರೂಢಿಯಂತೆ ಜೂನ್ ನಾಲ್ಕು ಎಂದು ಓದಿಕೊಂಡರು. ಎರಡು ತಿಂಗಳು ತಡವಾಗಿ ಹೋದಾಗ ತಾಯಿಯ ಒಂದು ಕಣ್ಣು ಹೋಗಿತ್ತು. ಹುಡುಗಿ ಅಲ್ಲೇ ಆಸ್ಪತ್ರೆಯ ನೆಲದ ಮೇಲೆ ಕೂತು ತಾಯಿಗೆ ಹೇಳುತ್ತಾಳೆ: ಅವರು ಸರಿಯಾಗಿಯೇ ಬರೆದಿದ್ದರು, ತಪ್ಪು ಓದಿದವಳು ನಾನು.

'ನೀನಾಳ ಪ್ರಾಮಾಣಿಕತೆ' ಎಂದು ಒಂದು ತಲೆಬರಹ ಕೊಟ್ಟು, ಕೆಳಗೆ ಆರು ಸಾಲು ಬರೆದೆ. ಆ ಆರು ಸಾಲಿಗೆ ನನಗೆ ಮೂರು ದಿನ ಹಿಡಿಯಿತು.

ಏಪ್ರಿಲ್‌ನಲ್ಲಿ ಗುಳಿಗೆ ತರಲು ಗೌಸಮೊದ್ದೀನ್ ಕಾಕಾನ ಔಷಧಿ ಅಂಗಡಿಗೆ ಹೋಗಿದ್ದೆ. ಅವರು ಮೊದಲು ನಲವತ್ತು ವರ್ಷ ಬೇರೆ ಬೇರೆ ಡಾಕ್ಟರರ ಹತ್ತಿರ ಕಂಪೌಂಡರ ಆಗಿದ್ದವರು. ಅವರಿಗೆ ಈ ಕಥೆ ಹೇಳಿದೆ. ಕನ್ನಡಕ ಹಣೆಗೇರಿಸಿ ನಕ್ಕರು.

'ಅದಕ್ಕ ಅಮೆರಿಕಾ ಯಾಕ ಬೇಟಾ? ನಮ್ಮ ಹುಬ್ಬಳ್ಳ್ಯಾಗೂ ಹಿಂಗ ಇತ್ತು. ಹಳೇ ಡಾಕ್ಟರು ಎರಡು ಬೈ ಏಳು ಅಂತ ಬರೀತಿದ್ರು.'

'ಅಂದರ ಜುಲೈ ಎರಡೇನ್ರಿ ಕಾಕಾ?'

'ಎಲ್ಲೀ ಜುಲೈ! ವಾರಕ್ಕ ಏಳು ದಿನ ಇಲ್ಲೇನು? ಏಳರಾಗ ಎರಡು. ಎರಡು ದಿನ ಬಿಟ್ಟು ಬಾ ಅಂತ. ವಾರದ ಮಾತಿದ್ರ ಕೆಳಗ ಐವತ್ತೆರಡು, ತಿಂಗಳ ಮಾತಿದ್ರ ಹನ್ನೆರಡು. ನಾವು ಕಂಪೌಂಡರು ಬಿಡಿಸಿ ಹೇಳತಿದ್ವಿ, ಮಂದಿಗೆ ಹೆಂಗ ತಿಳೀಬೇಕು?'

ಗುಳಿಗೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ನನ್ನ ಹಳೆಯ ಇಂಗ್ಲಿಷ್ ನಿಘಂಟಿನ ನಡುವೆ ಒಂದು ಚೀಟಿ ಉಳಿದುಬಿಟ್ಟಿದೆ, ಹೇಗೆ ಉಳಿಯಿತೋ. ಹಳದಿಯಾಗಿದೆ, ಅಕ್ಷರ ಇನ್ನೂ ಕಾಣುತ್ತವೆ. ಮೇಲೆ ಈರವ್ವನ ಹೆಸರು, ನಡುವೆ ಔಷಧಿ, ಕೆಳಗೆ ರಿವ್ಯೂ ಎಂಬ ಪದ, ಪಕ್ಕದಲ್ಲಿ 2/7.

ಇಲ್ಲಿಂದ ಮುಂದೆ ಪ್ರಾಸ ಬರುವುದಿಲ್ಲ. ಹುಡುಕಬೇಡ.

ತೊಂಬತ್ತಾರನೆಯ ಇಸವಿ, ಜೂನ್ ಹನ್ನೆರಡು. ನಾವು ಹತ್ತನೆಯದು ಪಾಸಾಗಿದ್ದೆವು. ನನಗೆ ಇಂಗ್ಲಿಷಿನಲ್ಲಿ ಎಪ್ಪತ್ತೊಂದು. ಚಾಳದಲ್ಲಿ ಅದೊಂದು ಪದವಿಯಾಗಿತ್ತು. ಯಾರಿಗೆ ಕಾಗದ ಬಂದರೂ 'ರಜನಿ ಕಡೆ ಒಯ್ಯಿ' ಎನ್ನುತ್ತಿದ್ದರು. ಗೊತ್ತಿದ್ದದ್ದನ್ನು ಓದುತ್ತಿದ್ದೆ, ಗೊತ್ತಿಲ್ಲದ್ದನ್ನು ಇನ್ನೂ ಜೋರಾಗಿ ಓದುತ್ತಿದ್ದೆ. ಆ ದಿನ ನೀನು ಕಾಲೇಜಿನಲ್ಲಿ ಅರ್ಜಿಯ ಸರತಿಗೆ ನಿಂತಿದ್ದೆ, ನಮ್ಮಿಬ್ಬರದೂ ತರಲು. ಈರವ್ವನಿಗೆ ಅಂಗಾಲಿಗೆ ಮೊಳೆ ಚುಚ್ಚಿ ನಾಲ್ಕು ದಿನವಾಗಿತ್ತು. ಸಕ್ಕರೆ ಕಾಯಿಲೆ ಇದ್ದುದರಿಂದ ನೋವೇ ತಿಳಿಯುತ್ತಿರಲಿಲ್ಲ, ಬಾವು ಮಾತ್ರ. ನಾನು ಕರೆದುಕೊಂಡು ಹೋದೆ.

ಡಾಕ್ಟರು ವಯಸ್ಸಾದವರು, ಪರಊರಿನವರು, ಕನ್ನಡ ಅಷ್ಟಕ್ಕಷ್ಟೆ. ಈರವ್ವ ಸುಮ್ಮನಿರದೆ, 'ನಮ್ಮ ರಜನಿಗೆ ಇಂಗ್ಲಿಷ್ ಬರತೈತ್ರಿ ಸಾಹೇಬ್ರ, ಎಪ್ಪತ್ತೊಂದು ತಗೊಂಡಾಳ' ಎಂದಳು. ಅವರು ಸಂತೋಷಪಟ್ಟು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳುತ್ತಲೇ ಹೋದರು. ನಾನು 'ಯೆಸ್ ಸರ್' ಎಂದೆ. ನಾಲ್ಕು ಸಲ ಎಂದೆ. ಒಂದು ಸಲವೂ ತಿಳಿದಿರಲಿಲ್ಲ. ಹೊರಗೆ ಕಂಪೌಂಡರ ಕನ್ನಡದಲ್ಲಿ ಹೇಳಿದ್ದು ಒಂದೇ ಮಾತು: 'ಪಟ್ಟಿ ಮನ್ಯಾಗ ಬಿಚ್ಚಬ್ಯಾಡ್ರಿ. ಇಲ್ಲೇ ಬಂದು ಬಿಚ್ಚಿಸಿಕೊಳ್ರಿ.' ಯಾವಾಗ ಬರಬೇಕು ಎಂದು ಅವನು ನಮಗೆ ಬಿಡಿಸಿ ಹೇಳಲಿಲ್ಲ. ಡಾಕ್ಟರು ಈ ಹುಡುಗಿಗೆ ಹೇಳಿದ್ದಾರೆ ಅಂದುಕೊಂಡಿರಬೇಕು.

ಸಂಜೆ ನೀನು ಕೇಳಿದೆ, 'ಮುಂದ ಯಾವಾಗ ರಜ್ಜಿ?'

'ಜುಲೈ ಎರಡಕ್ಕ. ಬರದಾರ ನೋಡು, ಎರಡು ಬೈ ಏಳು.'

'ಇನ್ನಾ ಇಪ್ಪತ್ತು ದಿನಾ? ಅಲ್ಲೀತನಕಾ ಪಟ್ಟಿ ಬಿಚ್ಚೂದ ಬ್ಯಾಡೇನು?'

'ಡಾಕ್ಟರು ನೀನೋ, ಅವರೋ?'

ನನ್ನ ಎಪ್ಪತ್ತೊಂದರ ಎದುರು ನಿನ್ನ ನಲವತ್ತೆರಡು ಬಾಯಿ ಮುಚ್ಚಿತು.

ಈಗ ಇದನ್ನು ನಿಧಾನವಾಗಿ ಓದು, ದಾಕ್ಷಿ. ನೀನು ಇದನ್ನು ಮರೆತಿದ್ದೀಯ, ಅಥವಾ ನೀನು ಮರೆಯುವ ಹಾಗೆ ಮಾಡಲಾಗಿದೆ. ಪಟ್ಟಿ ಕಟ್ಟಿದ ಎಂಟನೆಯ ದಿನ ನೀನು ನಮ್ಮ ಬಾಗಿಲಿಗೆ ಬಂದೆ. ನಾನು ಕೂದಲು ಹಿಕ್ಕಿಕೊಳ್ಳುತ್ತಿದ್ದೆ. ನೀನು ಹೊಸ್ತಿಲ ಹೊರಗೇ ನಿಂತು ಹೇಳಿದೆ: 'ರಜ್ಜಿ, ಅವ್ವನ ಕಾಲಿನಿಂದ ಒಂಥರಾ ವಾಸನಿ ಬರಾಕತ್ತೈತಿ. ಇವತ್ತ ಕರಕೊಂಡು ಹೋಗೂಣೇನು?' ನಾನು ಬಂದು ಮೂಸಿ ನೋಡಿದೆ. 'ಅದು ಮುಲಾಮಿನ ವಾಸನಿ. ತಾರೀಖಿಗಿಂತ ಮೊದಲ ಹೋದರ ಬೈತಾರ' ಎಂದೆ. ಹತ್ತನೆಯ ದಿನ ನೀನು ಮತ್ತೆ ಬಂದೆ. 'ಸ್ಟೇಶನ್ ಕಡೆ ಯಾವದರ ಮೆಡಿಕಲ್ ಅಂಗಡ್ಯಾಗ ಚೀಟಿ ತೋರಿಸಿ ಕೇಳೂಣು' ಎಂದೆ. ನಾನು ಸಿಟ್ಟಾದೆ. 'ನನ್ನ ಮ್ಯಾಲೆ ನಂಬಿಕಿ ಇಲ್ಲೇನು?' ಎಂದೆ. ಈರವ್ವ ಒಳಗಿನಿಂದ ಕೇಳಿಸಿಕೊಂಡು, 'ರಜನಿ ಜೋಡಿ ಜಗಳಾಡಬ್ಯಾಡಲೇ, ಆಕಿ ಓದಿದಾಕಿ' ಎಂದಳು.

ನಿನಗೆ ವಾಸನೆ ಬಂದಿತ್ತು. ಇಡೀ ಚಾಳದಲ್ಲಿ ಎಲ್ಲರಿಗಿಂತ ಮೊದಲು ಬಂದಿತ್ತು. ನೀನು ಎರಡು ಸಲ ಹೇಳಿದೆ.

ಹದಿಮೂರನೆಯ ದಿನ ಚಳಿಜ್ವರ ಏರಿ ದೊಡ್ಡ ಆಸ್ಪತ್ರೆಗೆ ಒಯ್ದೆವು. ಪಟ್ಟಿ ಬಿಚ್ಚಿದಾಗ ಮೊಣಕಾಲತನಕ ಕಪ್ಪಾಗಿತ್ತು. ಜೂನ್ ಇಪ್ಪತ್ತೇಳಕ್ಕೆ ಹೋದಳು. ನಾನು ಓದಿದ ತಾರೀಖಿಗೆ ಇನ್ನೂ ಐದು ದಿನ ಬಾಕಿ ಇತ್ತು.

ನಿನ್ನ ಸೋದರಮಾವ ಮಹಾಂತಯ್ಯನವರು ಗಬ್ಬೂರಿನಿಂದ ಬಂದರು. ಮಣ್ಣು ಮಾಡಿ ಬಂದ ಸಂಜೆ ಚಾಳದ ಎಲ್ಲರೆದುರು, 'ಮನ್ಯಾಗ ಮಗಳಿದ್ದೂ ವಾಸನಿ ಬರಲಿಲ್ಲ' ಎಂದರು. ನೀನು ತಲೆ ತಗ್ಗಿಸಿದೆ. 'ಬಂದಿತ್ತು, ರಜನಿ ಬ್ಯಾಡ ಅಂದಳು' ಎಂದು ಹೇಳಬಹುದಿತ್ತು. ನನ್ನನ್ನು ಉಳಿಸಿದೆಯೋ, ಹೇಳುವ ತ್ರಾಣ ಇರಲಿಲ್ಲವೋ, ನಾನು ಯಾವತ್ತೂ ಕೇಳಲಿಲ್ಲ. ನಾನು ಗೋಡೆಗೆ ಒರಗಿ ನಿಂತಿದ್ದೆ. ನಿನ್ನ ಕಾಲೇಜಿನ ಅರ್ಜಿ ನಮ್ಮ ಮನೆಯಲ್ಲಿ ಉಳಿಯಿತು, ನಿನ್ನನ್ನು ಅವರು ಗಬ್ಬೂರಿಗೆ ಕರೆದೊಯ್ದರು, ವರ್ಷ ತುಂಬಿದ ಮೇಲೆ ತಮ್ಮ ಮಗನಿಗೇ ತಂದುಕೊಂಡರು. ಈ ವರ್ಷವೊಂದನ್ನು ಬಿಟ್ಟರೆ ಪ್ರತಿ ವರ್ಷ ಈರವ್ವನ ಪುಣ್ಯಸ್ಮರಣೆಯ ಊಟಕ್ಕೆ ನಾನು ಬಂದಿದ್ದೇನೆ, ಪ್ರತಿ ವರ್ಷ ಎಲೆಯ ಮುಂದೆ ಕೂತು ನಿನ್ನ ಮಾವ ಅದೇ ಮಾತು ಹೇಳುತ್ತಾರೆ. ದುಷ್ಟರಲ್ಲ ಅವರು, ತಂಗಿಯ ಮೇಲೆ ಪ್ರಾಣ. ಆ ಪ್ರಾಣಕ್ಕೆ ಒಂದು ಒರಗುಗಂಬ ಬೇಕಿತ್ತು, ನೀನು ಸಿಕ್ಕೆ. ನೀನು ನಗುತ್ತ, 'ಹೌದ್ರಿ, ನನ್ನ ಮೂಗು ಸತ್ತೈತಿ' ಎಂದು ಅವರಿಗೆ ಇನ್ನೊಂದು ಸಲ ಸಾರು ಬಡಿಸುತ್ತೀಯ. ಸಂಜೆಯಾದರೆ ಅವರ ಕಾಲು ತೊಳೆದು, ಬೆರಳು ಬಿಡಿಸಿ ನೋಡುತ್ತೀಯ.

ನಾನು ಪಕ್ಕದ ಎಲೆಯಲ್ಲಿ ಕೂತು ಉಂಡಿದ್ದೇನೆ. ಉಪ್ಪು ಕಡಿಮೆ ಎಂದೂ ಹೇಳಿದ್ದೇನೆ.

ಕ್ಷಮಿಸು ಎಂದು ನಾನು ಬರೆಯುವುದಿಲ್ಲ. ಅದು ಬರೆದವರಿಗೆ ಹಗುರ, ಓದಿದವರಿಗೆ ಭಾರ. ಒಂದು ಕೆಲಸ ಮಾತ್ರ ಮಾಡು. ಈ ಕಾಗದವನ್ನು ನಿನ್ನ ಮಾವನಿಗೆ ಓದಿ ಹೇಳು. ಅವರ ಕಿವಿ ಮಂದವಾಗಿದೆ ಎಂದು ನೀನೇ ಹೇಳಿದ್ದೆ, ಜೋರಾಗಿ ಓದು, ಸೊಸೆಗೂ ಬಸವಕಿರಣನಿಗೂ ಕೇಳಲಿ. ನಿನಗೆ ಆಗದಿದ್ದರೆ ಸೊಸೆಯ ಕೈಗೆ ಕೊಡು, ಅವಳು ಕಾಲೇಜು ಓದಿದವಳು. ನೀನು ಹೇಳಿದ ಎರಡು ಮಾತು, ಎಂಟನೆಯ ದಿನದ್ದು ಮತ್ತು ಹತ್ತನೆಯ ದಿನದ್ದು, ಅವರೆಲ್ಲರ ಕಿವಿಗೆ ಬೀಳಬೇಕು. ಚೀಟಿಯನ್ನೂ ಇದರೊಳಗೆ ಇಟ್ಟಿದ್ದೇನೆ. ನಂಬದಿದ್ದರೆ ಯಾವ ಹಳೆಯ ಕಂಪೌಂಡರನಿಗಾದರೂ ತೋರಿಸಲಿ.

ಆಮೇಲೆ ನಾನು ಗಬ್ಬೂರಿಗೆ ಬರಬೇಕೋ ಬೇಡವೋ ಎನ್ನುವುದನ್ನು ನೀನೇ ಹೇಳು. ಬಾ ಎಂದರೆ ಬೈಗುಳ ತಿನ್ನಲು ಬರುತ್ತೇನೆ. ಬರಬೇಡ ಎಂದರೆ ಅದೂ ನ್ಯಾಯವೇ.

ಬಸವಕಿರಣನಿಗೂ ಅವನ ಹೆಂಡತಿಗೂ ನೂರು ವರ್ಷ ಜೊತೆ ಬಾಳಿ ಎಂದು ನನ್ನ ಆಶೀರ್ವಾದ ತಿಳಿಸು, ತೆಗೆದುಕೊಳ್ಳುವಂಥದ್ದು ಅನ್ನಿಸಿದರೆ. ನಿನ್ನ ಮನೆಯಲ್ಲಿ ಎಲ್ಲರ ಕಾಲೂ ಗಟ್ಟಿಯಾಗಿರಲಿ. ಚಳಿ ಶುರುವಾಗಿದೆ, ಬೆಳಗಿನ ತಣ್ಣೀರಿಗೆ ಕೈ ಹಾಕಬೇಡ, ನಿನಗೆ ಕೀಲುನೋವು.

ನಿನ್ನ ಎಂದು ಬರೆಯಲು ಕೈ ಅಳುಕುವ,
ರಜನಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಮತ್ತೆ ಹರಿದೆ. ಇಷ್ಟು ಬರೆದೂ ನಾನು ಸುಳ್ಳು ಬರೆದಿದ್ದೇನೆ.

ಗೌಸಮೊದ್ದೀನ್ ಕಾಕಾ ಹೇಳಿದ್ದು ಖರೆ. ಆದರೆ ಅದು ನನಗೆ ಹೊಸದಾಗಿರಲಿಲ್ಲ. ಆಸ್ಪತ್ರೆಯಲ್ಲಿ, ಈರವ್ವ ಹೋಗುವ ಹಿಂದಿನ ದಿನ, ವಾರ್ಡಿನ ಬಾಗಿಲಲ್ಲಿ ನರ್ಸ್ ಬಾಯಿ ಚೀಟಿ ಕೇಳಿದಳಲ್ಲ, ಕೇರಳದವಳು, ಕನ್ನಡ ಬಾರದವಳು. ಆಕೆ ಚೀಟಿ ನೋಡಿ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಇಂಗ್ಲಿಷಿನಲ್ಲಿ ಮಾತಾಡಿದಳು. ನನ್ನ ಜೀವಮಾನದಲ್ಲಿ ನನಗೆ ಪೂರ್ತಿ ಅರ್ಥವಾದ ಮೊದಲ ಇಂಗ್ಲಿಷ್ ಮಾತು ಅದು: ಎರಡು ದಿನಕ್ಕೆ ಬರಲು ಬರೆದಿದ್ದಾರೆ, ಎರಡು ವಾರ ಎಲ್ಲಿದ್ದಿರಿ?

ಮಹಾಂತಯ್ಯ ಮಾವ ಆಗಷ್ಟೇ ಬಂದು ನಿಂತಿದ್ದರು. ನೀನು ನನ್ನ ತೋಳು ಹಿಡಿದು, 'ಏನಂದ್ರು ರಜ್ಜಿ?' ಎಂದೆ. ನೀವಿಬ್ಬರೂ ನನ್ನ ಬಾಯಿ ನೋಡುತ್ತಿದ್ದಿರಿ. ನಾನು ಚೀಟಿಯನ್ನು ಆಕೆಯ ಕೈಯಿಂದ ಇಸಿದುಕೊಂಡು ಮುಷ್ಟಿಯಲ್ಲಿ ಮುಚ್ಚಿ ಅರ್ಥ ಹೇಳಿದೆ:

'ಭಾಳ ತಡ ಮಾಡೀರಿ, ಮನ್ಯಾಗ ಮಗಳಿದ್ದೂ ವಾಸನಿ ಬರಲಿಲ್ಲೇನು ಅಂತ ಕೇಳಲಿಕ್ಕತ್ತಾರ.'

ನಿನ್ನ ಮಾವ ಇಪ್ಪತ್ತೊಂಬತ್ತು ವರ್ಷದಿಂದ ಹೇಳುತ್ತಿರುವ ಮಾತು ಅವರದಲ್ಲ ದಾಕ್ಷಿ. ಆ ನರ್ಸ್ ಬಾಯಿಯದೂ ಅಲ್ಲ.